ಗಾಳಿಯಲ್ಲಿರೋ ಮಸಿ ಕಣಾನ ಮೈಕ್ರೋಸ್ಕೋಪಲ್ಲಿ ನೋಡೋದು ಹೇಗೆ: ಮೈಸೂರು-ಮಂಡ್ಯದಲ್ಲಿ ಪ್ರಾಜೆಕ್ಟ್ ಮಾಡೋರಿಗೆ ಮೊದಲಿಂದ ಕೊನೇವರೆಗೂ

ಪ್ರಾಜೆಕ್ಟ್ ಟೈಮ್ ಬಂತು ಅಂದ್ರೆ ನಂಗೆ ಒಂದೇ ಥರದ ಫೋಟೋ ಬರೋಕೆ ಶುರುವಾಗತ್ತೆ. ಸ್ಲೈಡಿಗೆ ವ್ಯಾಸಲಿನ್ ಸವರಿ ಬಾಲ್ಕನೀಲಿ ಒಂದು ವಾರ ಇಟ್ಟು, ಆಮೇಲೆ ಕಾಲೇಜಿನ ಮೈಕ್ರೋಸ್ಕೋಪಿಗೆ ಮೊಬೈಲ್ ಹಿಡಿದು ತೆಗೆದ ಕಪ್ಪು ಚುಕ್ಕೆಗಳು, ಕೆಳಗಡೆ "ವಾಹನದ ಹೊಗೆಯ ಮಸಿ ಕಣ" ಅಂತ ಹೆಸರು. ಅದರಲ್ಲಿ ಬಹುಪಾಲು ಮಸಿ ಅಲ್ಲವೇ ಅಲ್ಲ, ಟೈರ್ ಸವೆದು ಬಂದ ಚೂರು, ಸುಟ್ಟ ಕಬ್ಬಿನ ತರಗು, ಇಲ್ಲಾಂದ್ರೆ ಬೂಷ್ಟಿನ ಬೀಜಕಣ. ಮೈಕ್ರೋಸ್ಕೋಪ್ ಸರಿ ಇಲ್ಲ ಅಂತ ಅದರ ಮೇಲೆ ಹಾಕ್ತಾರೆ, ಆದ್ರೆ ತಪ್ಪಾಗೋದು ಕೆಲಸದ ಕ್ರಮದಲ್ಲಿ. ಮೊದಲು ಮಾಡ್ಬೇಕಾದ್ದನ್ನ ಕೊನೇಲಿ ಮಾಡ್ತಾರೆ, ಕೆಲವರು ಮಾಡೋದೇ ಇಲ್ಲ. ಅದಕ್ಕೆ ಇಲ್ಲಿರೋ ಹಂತಗಳನ್ನ ಹಿಂದೆ ಮುಂದೆ ಮಾಡದೆ ಹಾಗೇ ಮಾಡಿ.

## 1. ಏನು ನೋಡೋಕೆ ಹೊರಟಿದ್ದೀರ ಅಂತ ಮೊದಲು ಅಳತೇಲಿ ಗೊತ್ತು ಮಾಡ್ಕೊಳ್ಳಿ

ಮಸಿ ಅಂದ್ರೆ ಒಂದೇ ಉಂಡೆ ಅಲ್ಲ. ಡೀಸೆಲ್ಲೋ ಎಣ್ಣೆಯೋ ಸೌದೆಯೋ ಪೂರ್ತಿ ಉರೀದೇ ಇದ್ದಾಗ ಮೊದಲು ಹುಟ್ಟೋದು ಪುಟಾಣಿ ಗುಂಡು ಕಣಗಳು, ಒಂದೊಂದೂ ಸಾಮಾನ್ಯವಾಗಿ 10ರಿಂದ 50 ನ್ಯಾನೋಮೀಟರ್ ಅಡ್ಡಳತೆ. ಅವು ಒಂದಕ್ಕೊಂದು ಡಿಕ್ಕಿ ಹೊಡೆದು ಅಂಟ್ಕೊಂಡು ಕವಲು ಕವಲಾದ ಸರಪಳಿ ಆಗತ್ತೆ, ಆ ಸರಪಳಿ ನೂರು ನ್ಯಾನೋಮೀಟರಿಂದ ಹಿಡಿದು ಒಂದು ಮೈಕ್ರಾನ್ (1000 ನ್ಯಾನೋಮೀಟರ್) ಆಸುಪಾಸು ಇರತ್ತೆ. ಪಿಎಂ 2.5 ಅಂತ ದಿನಾ ಕೇಳ್ತೀವಲ್ಲ, ಅದು 2.5 ಮೈಕ್ರಾನಿಗಿಂತ ಸಣ್ಣದಾಗಿರೋ ಎಲ್ಲಾ ಕಣಗಳ ಒಟ್ಟು ಲೆಕ್ಕ, ಮಸಿ ಅದರಲ್ಲಿ ಒಂದು ಭಾಗ ಅಷ್ಟೇ.

ಈಗ ಕಾಲೇಜಿನ ಮೈಕ್ರೋಸ್ಕೋಪ್ ಲೆಕ್ಕ ಹಾಕಿ. ಪಕ್ಕಪಕ್ಕದ ಎರಡು ಚುಕ್ಕೆ ಬೇರೆ ಬೇರೆಯಾಗಿ ಕಾಣೋಕೆ ಬೇಕಾದ ಕನಿಷ್ಠ ದೂರ ಅಂದ್ರೆ 0.61ನ್ನ ಬೆಳಕಿನ ತರಂಗದ ಉದ್ದದಿಂದ ಗುಣಿಸಿ ಲೆನ್ಸಿನ ಎನ್‌ಎಯಿಂದ (ನ್ಯೂಮರಿಕಲ್ ಅಪರ್ಚರ್, ಲೆನ್ಸ್ ಎಷ್ಟು ಅಗಲದ ಬೆಳಕು ಹಿಡಿಯತ್ತೆ ಅನ್ನೋ ಸಂಖ್ಯೆ) ಭಾಗಿಸೋದು. ಹಸಿರು ಬೆಳಕು 550 ನ್ಯಾನೋಮೀಟರ್, 100ಎಕ್ಸ್ ಆಯಿಲ್ ಲೆನ್ಸಿನ ಎನ್‌ಎ 1.25, ಉತ್ತರ ಸುಮಾರು 270 ನ್ಯಾನೋಮೀಟರ್. ನಿಮ್ಮ ಗುಂಡು ಕಣ 30. ಅಂದ್ರೆ ಎಷ್ಟೇ ಒಳ್ಳೇ ಲೆನ್ಸ್ ಹಾಕಿದ್ರೂ ಬೆಳಕಿನ ಮೈಕ್ರೋಸ್ಕೋಪಲ್ಲಿ ಮಸಿಯ ಒಂದೊಂದು ಗುಂಡನ್ನ ಬಿಡಿಸಿ ನೋಡೋಕೆ ಆಗಲ್ಲ. ಐಪೀಸ್ ಬದಲಾಯಿಸಿ 2000 ಪಟ್ಟು ಮಾಡಿದ್ರೂ ಅದೇ ಮಬ್ಬು ದೊಡ್ಡದಾಗಿ ಕಾಣತ್ತೆ, ಹೊಸ ವಿವರ ಏನೂ ಬರಲ್ಲ.

ಹಾಗಂತ ಬೆಳಕಿನ ಮೈಕ್ರೋಸ್ಕೋಪ್ ವೇಸ್ಟ್ ಅಲ್ಲ. ಮಸಿ ಅಲ್ಲದ್ದನ್ನ ಬೇರೆ ಮಾಡೋಕೆ ಅದೇ ಬೇಕು. ಮಸಿಯ ರಚನೆ ನೋಡೋಕೆ ಮಾತ್ರ ಎಲೆಕ್ಟ್ರಾನ್ ಮೈಕ್ರೋಸ್ಕೋಪ್. ಈ ಎರಡು ಕೆಲಸಾನ ಕಲಸಬೇಡಿ.

## 2. ಸಾಮಾನು ಜೋಡಿಸ್ಕೊಳ್ಳಿ

ಇಷ್ಟಿದ್ರೆ ಸಾಕು: 12 ವೋಲ್ಟಿನ ಸಣ್ಣ ಡಯಾಫ್ರಾಮ್ ವ್ಯಾಕ್ಯೂಮ್ ಪಂಪ್, ಬ್ಯಾಟರಿ, ಫಿಲ್ಟರ್ ಹೋಲ್ಡರ್, ಎರಡು ಥರದ ಫಿಲ್ಟರ್, ಚೂಪು ತುದಿಯ ಫೋರ್ಸೆಪ್ಸ್, ಸ್ಲೈಡು, 0.17 ಮಿಲಿಮೀಟರ್ ದಪ್ಪದ ಕವರ್‌ಸ್ಲಿಪ್, ಇಮ್ಮರ್ಷನ್ ಆಯಿಲ್, ಮುಚ್ಚಳ ಇರೋ ಪ್ಲಾಸ್ಟಿಕ್ ಪೆಟ್ರಿ ಡಿಶ್, ಎರಡು ತುಂಡು ಪೋಲರಾಯ್ಡ್ ಶೀಟ್, ಒಂದು ಗಟ್ಟಿ ಮ್ಯಾಗ್ನೆಟ್, ಸಣ್ಣ ಸೂಜಿ.

ಫಿಲ್ಟರ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ಗ್ಲಾಸ್ ಫೈಬರ್ ಫಿಲ್ಟರ್ ಲ್ಯಾಬಲ್ಲಿ ಸುಮ್ನೆ ಬಿದ್ದಿರತ್ತೆ ಅಂತ ಅದನ್ನೇ ಎತ್ಕೊಂಡು ಹೋಗ್ತಾರೆ, ತೂಕ ಮಾಡೋಕೆ ಅದು ಚೆನ್ನಾಗಿದೆ, ನೋಡೋಕೆ ಅಲ್ಲ, ಕಣಗಳು ಎಳೆಗಳ ಒಳಗೆ ಹೂತು ಹೋಗ್ತವೆ. ಬೆಳಕಿನ ಮೈಕ್ರೋಸ್ಕೋಪಿಗೆ ಸೆಲ್ಯುಲೋಸ್ ಎಸ್ಟರ್ ಮೆಂಬ್ರೇನ್ ತಗೊಳ್ಳಿ, ಅದರ ಮೇಲೆ ಒಂದು ಹನಿ ಇಮ್ಮರ್ಷನ್ ಆಯಿಲ್ ಬಿಟ್ರೆ ಫಿಲ್ಟರ್ ಪಾರದರ್ಶಕ ಆಗಿ ಕಣ ಮಾತ್ರ ಉಳಿಯತ್ತೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಪಾಲಿಕಾರ್ಬೋನೇಟ್ ಮೆಂಬ್ರೇನ್, 0.2 ಅಥವಾ 0.4 ಮೈಕ್ರಾನ್ ತೂತಿಂದು. ಅದರ ಮೇಲ್ಮೈ ಸಪಾಟಾಗಿರೋದ್ರಿಂದ ಕಣ ಮೇಲೇ ಕೂರತ್ತೆ. ಹೊಳೆಯೋ ಕಡೆ ಮೇಲಕ್ಕೆ ಬರ್ಬೇಕು, ಇದನ್ನ ಉಲ್ಟಾ ಹಾಕೋರು ತುಂಬಾ ಜನ. ತೂತು 0.4 ಇದ್ರೆ ಅದಕ್ಕಿಂತ ಸಣ್ಣ ಮಸಿ ಹಾದು ಹೋಗಲ್ವಾ ಅಂತ ಎಲ್ರೂ ಕೇಳ್ತಾರೆ. ಸಣ್ಣ ಕಣ ಗಾಳೀಲಿ ನೆಟ್ಟಗೆ ಹೋಗಲ್ಲ, ಅತ್ತಿತ್ತ ಅಲ್ಲಾಡ್ತಾ ಹೋಗತ್ತೆ, ಹಾಗಾಗಿ ತೂತಿನ ಅಂಚಿಗೆ ಗೋಡೆಗೆ ತಾಗಿ ಅಂಟ್ಕೊಳತ್ತೆ. ಸ್ವಲ್ಪ ಪಾಲು ಹೋದ್ರೂ ನೋಡೋಕೆ ಬೇಕಾದಷ್ಟು ಸಿಗತ್ತೆ.

ಪಂಪಿನ ಹರಿವು ಅಳೆಯೋಕೆ ರೋಟಾಮೀಟರ್ ಇಲ್ಲಾಂದ್ರೆ ಬಕೆಟ್ ನೀರಲ್ಲಿ ಒಂದು ಲೀಟರ್ ಬಾಟಲಿ ಪೂರ್ತಿ ತುಂಬಿ ತಲೆಕೆಳಗೆ ಹಿಡಿದು, ಪಂಪಿಂದ ಹೊರಗೆ ಬರೋ ಗಾಳಿಯ ಟ್ಯೂಬನ್ನ ಅದರೊಳಗೆ ತೂರಿಸಿ. ಬಾಟಲಿ ಖಾಲಿ ಆಗೋಕೆ 30 ಸೆಕೆಂಡ್ ಆದ್ರೆ ನಿಮಿಷಕ್ಕೆ 2 ಲೀಟರ್. ಫಿಲ್ಟರ್ ಹಾಕಿದ ಮೇಲೆ ಅಳೀರಿ, ಮೊದಲೇ ಅಳೆದ್ರೆ ಲೆಕ್ಕ ಸುಳ್ಳಾಗತ್ತೆ.

## 3. ದೀಪದ ಮಸಿ ಮೊದಲು ನೋಡಿ, ರೋಡಿನ ಮಸಿ ಆಮೇಲೆ

ಈ ಹಂತ ಬಿಟ್ಟವರೆಲ್ಲ ಮುಂದೆ ಒಂದಲ್ಲ ಒಂದು ಕಡೆ ಎಡವ್ತಾರೆ. ಮಸಿ ಹೇಗಿರತ್ತೆ ಅಂತ ಕಣ್ಣಿಗೆ ಗೊತ್ತಿಲ್ದೆ ಗಾಳೀಲಿ ಹುಡುಕೋಕೆ ಹೋಗ್ಬಾರ್ದು.

ಒಂದು ಹರಳೆಣ್ಣೆ ದೀಪ ಹಚ್ಚಿ, ಬತ್ತಿ ಸ್ವಲ್ಪ ದಪ್ಪ ಇರ್ಲಿ, ಉರಿ ತುದಿಯಿಂದ ಹೊಗೆ ಎದ್ದು ಕಾಣ್ಬೇಕು. ಸ್ಪಿರಿಟ್ಟಲ್ಲಿ ಒರೆಸಿದ ಸ್ಲೈಡನ್ನ ಉರಿಯ ತುದಿಯಿಂದ ಮೂರ್ನಾಲ್ಕು ಸೆಂಟಿಮೀಟರ್ ಮೇಲೆ ಒಂದೇ ಒಂದು ಸಲ ಸರಕ್ಕಂತ ಹಾಯಿಸಿ ತೆಗೀರಿ. ಕಾಡಿಗೆ ಮಾಡೋ ಥರ ಹಿಡ್ಕೊಂಡು ನಿಂತ್ರೆ ದಪ್ಪ ಪದರ ಕೂತ್ಕೊಳತ್ತೆ, ಏನೂ ಕಾಣಲ್ಲ. ಸ್ಲೈಡ್ ಮೇಲೆ ಕಣ್ಣಿಗೆ ಕಂಡೂ ಕಾಣದ ಹಾಗೆ ಕಂದು ಛಾಯೆ ಬಂದ್ರೆ ಸಾಕು.

ಅದನ್ನ ಮೊದಲು 10ಎಕ್ಸ್, ಆಮೇಲೆ 40ಎಕ್ಸಲ್ಲಿ ನೋಡಿ. ಚೂಪಾದ ಅಂಚು ಎಲ್ಲೂ ಇರಲ್ಲ. ಕಡುಗಂದು-ಕಪ್ಪು ಬಣ್ಣದ ತೆಳು ತೆಳು ಗುಪ್ಪೆಗಳು, ಅಂಚಲ್ಲಿ ಹತ್ತಿ ಎಳೆದ ಹಾಗೆ ಕವಲು, ಫೋಕಸ್ ಅಲ್ಲಾಡಿಸಿದ್ರೆ ಒಳಗೆ ಇನ್ನೂ ಕವಲು. ಸೂಜಿ ತುದಿ ತಾಗಿಸಿದ್ರೆ ಗುಪ್ಪೆ ಒಡೆದು ಗಾಜಿನ ಮೇಲೆ ಬಳ್ಕೊಳತ್ತೆ. ಈ ಮೂರನ್ನ ನೋಟ್ಸಲ್ಲಿ ಬರ್ಕೊಳ್ಳಿ, ಫೋಟೋ ತೆಗೆದು ಪ್ರಿಂಟ್ ಹಾಕಿ ಮೈಕ್ರೋಸ್ಕೋಪ್ ಪಕ್ಕದಲ್ಲೇ ಅಂಟಿಸ್ಕೊಳ್ಳಿ. ಮುಂದೆ ಬರೋ ಎಲ್ಲಾ ಕಪ್ಪು ಚುಕ್ಕೇನೂ ಇದರ ಪಕ್ಕ ಇಟ್ಟು ನೋಡೋದು.

ನೀರಿನ ಹನಿ ಹಾಕಿ ಕವರ್‌ಸ್ಲಿಪ್ ಮುಚ್ಚಬೇಡಿ. ಮಸಿಗೂ ನೀರಿಗೂ ಆಗ್ಬರಲ್ಲ, ಎಲ್ಲಾ ತೇಲಿ ಗುಡ್ಡೆ ಆಗತ್ತೆ.

## 4. ಖಾಲಿ ಫಿಲ್ಟರ್ ಕೂಡ ನೋಡಿ

ಹೊಸ ಫಿಲ್ಟರ್ ಒಂದನ್ನ ಹೋಲ್ಡರಿಗೆ ಹಾಕಿ, ಜಾಗಕ್ಕೆ ತಗೊಂಡು ಹೋಗಿ, ಪಂಪ್ ಆನ್ ಮಾಡ್ದೆ ವಾಪಸ್ ತನ್ನಿ. ಬಾಕಿ ಸ್ಯಾಂಪಲ್ ಥರಾನೇ ಅದನ್ನೂ ನೋಡಿ. ಅದರಲ್ಲೂ ಕಪ್ಪು ಕಾಣಿಸಿದ್ರೆ ಅದು ನಿಮ್ಮ ಡಬ್ಬಿಯದು, ಕೈಯದು, ಇಲ್ಲಾ ರೂಮಿನದು.

ನಮ್ಮ ಕಡೆ ಮನೇಲಿ ಬೆಳಿಗ್ಗೆ ಸಂಜೆ ಊದುಬತ್ತಿ, ಧೂಪ, ಕರ್ಪೂರ ತಪ್ಪಲ್ಲ. ಕರ್ಪೂರ ಅಂತೂ ಉರಿಯೋವಾಗ ಸಿಕ್ಕಾಪಟ್ಟೆ ಮಸಿ ಬಿಡತ್ತೆ. ದೇವರ ಮನೆ ಪಕ್ಕದ ಟೇಬಲ್ ಮೇಲೆ ಫಿಲ್ಟರ್ ಬಿಚ್ಚಿದ್ರೆ ರೋಡಿನ ಮಸಿ ಬದಲು ಮಂಗಳಾರತಿ ಮಸಿ ಅಳೀತೀರ. ಫಿಲ್ಟರ್ ಹಾಕೋದು ತೆಗೆಯೋದು ಎಲ್ಲಾ ಒಂದೇ ಸ್ವಚ್ಛ ಜಾಗದಲ್ಲಿ, ಫ್ಯಾನ್ ಆಫ್ ಮಾಡಿ.

## 5. ಜಾಗ ಮತ್ತು ಹೊತ್ತು

ಕನಿಷ್ಠ ಮೂರು ಥರದ ಜಾಗ ಬೇಕು, ಒಂದೇ ಜಾಗದಲ್ಲಿ ಎಷ್ಟು ತೆಗೆದ್ರೂ ಹೋಲಿಕೆ ಸಿಗಲ್ಲ. ಮೈಸೂರಲ್ಲಾದ್ರೆ ವಾಹನಕ್ಕೆ ಸಬರ್ಬ್ ಬಸ್ ಸ್ಟ್ಯಾಂಡ್ ಸುತ್ತಮುತ್ತ ಅಥವಾ ರಿಂಗ್ ರೋಡಿನ ಸಿಗ್ನಲ್, ದೂರದಿಂದ ತೇಲಿ ಬಂದು ಹಳೇದಾದ ಹೊಗೆಗೆ ಚಾಮುಂಡಿ ಬೆಟ್ಟದ ಮೇಲ್ಭಾಗ. ಮಂಡ್ಯ, ಮದ್ದೂರು, ಪಾಂಡವಪುರ ಕಡೆಯವರಿಗೆ ಆಲೆಮನೆ ಇದೆ, ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಹಾಕೋ ಗದ್ದೆ ಇದೆ, ಕಬ್ಬು ತುಂಬ್ಕೊಂಡು ಸಾಲಾಗಿ ನಿಲ್ಲೋ ಟ್ರ್ಯಾಕ್ಟರ್ ಇದೆ. ಇಷ್ಟು ಬೇರೆ ಬೇರೆ ಹೊಗೆ ಒಂದೇ ತಾಲ್ಲೂಕಲ್ಲಿ ಸಿಗೋದು ಮಂಡ್ಯದ ಪ್ರಾಜೆಕ್ಟಿಗೆ ದೊಡ್ಡ ಅನುಕೂಲ, ಅದನ್ನ ಬಿಟ್ಟು ಬೆಂಗಳೂರಿಗೆ ಹೋಗಿ ಸ್ಯಾಂಪಲ್ ತರೋದು ಯಾಕೆ ಅಂತ ನಂಗಂತೂ ಅರ್ಥ ಆಗಲ್ಲ.

ಆಲೆಮನೆಗೆ ಹೋದ್ರೆ ಯಜಮಾನರನ್ನ ಕೇಳಿ ಹೋಗಿ, ಯಾಕೆ ಏನು ಅಂತ ಬಿಡಿಸಿ ಹೇಳಿ. ಒಲೆಗೆ ಅವತ್ತು ಏನೇನು ಹಾಕಿದ್ರು ಅಂತ ಬರ್ಕೊಳ್ಳೋದು ಸ್ಯಾಂಪಲ್ಲಿನಷ್ಟೇ ಮುಖ್ಯ. ಬರೀ ಕಬ್ಬಿನ ಸಿಪ್ಪೆನಾ, ಸೌದೆನೂ ಇತ್ತಾ, ಹಳೇ ಟೈರ್ ಚೂರೇನಾದ್ರೂ ಬಿತ್ತಾ ಅನ್ನೋದರ ಮೇಲೆ ಕಣದ ಚಹರೆಯೇ ಬದಲಾಗತ್ತೆ.

ಡಿಸೆಂಬರ್-ಜನವರಿ ಬೆಳಿಗ್ಗೆ ಮಂಜಿರೋವಾಗ ಹೊಗೆ ಮೇಲೇಳದೆ ನೆಲದ ಹತ್ರಾನೇ ನಿಂತಿರತ್ತೆ, ಸ್ಯಾಂಪಲ್ ಬೇಗ ತುಂಬತ್ತೆ. ಆದ್ರೆ ತೇವ ಕುಡಿದ ಮಸಿಯ ಸರಪಳಿ ಕುಗ್ಗಿ ಉಂಡೆ ಆಗಿರತ್ತೆ ಅನ್ನೋದು ನೆನಪಿರ್ಲಿ, ಮಂಜಿನ ಸ್ಯಾಂಪಲ್ಲನ್ನ ಬಿಸಿಲು ಮಧ್ಯಾಹ್ನದ ಸ್ಯಾಂಪಲ್ ಜೊತೆ ನೇರ ಹೋಲಿಸ್ಬೇಡಿ. ಜೂನ್-ಜುಲೈ ಸೋನೆ ಮಳೇಲಿ ಶುರು ಮಾಡ್ಲೇಬೇಡಿ.

## 6. ಗಾಳಿ ಎಳೆಯೋದು

ವ್ಯಾಸಲಿನ್ ಸ್ಲೈಡ್ ಯಾಕೆ ಆಗಲ್ಲ ಅಂತ ಇಲ್ಲಿ ಹೇಳ್ಬೇಕು. 10 ಮೈಕ್ರಾನ್ ಧೂಳಿನ ಕಣ ಸೆಕೆಂಡಿಗೆ ಸುಮಾರು 3 ಮಿಲಿಮೀಟರ್ ಕೆಳಗೆ ಇಳಿಯತ್ತೆ. 0.1 ಮೈಕ್ರಾನಿನ ಕಣ ಇಡೀ 24 ಗಂಟೇಲಿ, ಅದೂ ಗಾಳಿ ಒಂಚೂರೂ ಅಲ್ಲಾಡದೇ ಇದ್ರೆ, ಏಳೆಂಟು ಸೆಂಟಿಮೀಟರ್ ಇಳಿದ್ರೆ ಹೆಚ್ಚು. ತೆರೆದ ಸ್ಲೈಡಿನ ಮೇಲೆ ಬೀಳೋದೆಲ್ಲ ದಪ್ಪ ಧೂಳೇ. ಮಸಿ ತಾನಾಗೇ ಬಂದು ಕೂರಲ್ಲ, ಎಳೀಬೇಕು.

ಹೋಲ್ಡರನ್ನ ಬಾಯಿ ಕೆಳಗೆ ಮಾಡಿ, ಮೂಗಿನ ಎತ್ತರದಲ್ಲಿ ಕಟ್ಟಿ. ಬಾಯಿ ಮೇಲೆ ಇದ್ರೆ ದಪ್ಪ ಧೂಳು ಸುಮ್ನೆ ಬೀಳತ್ತೆ. ಎಷ್ಟು ಹೊತ್ತು ಅನ್ನೋದಕ್ಕೆ ಲೆಕ್ಕ ಹೀಗೆ: ನಮ್ಮ ದೇಶದ ಮಾನದಂಡದಲ್ಲಿ ಪಿಎಂ 2.5ರ 24 ಗಂಟೆ ಮಿತಿ ಒಂದು ಘನ ಮೀಟರಿಗೆ 60 ಮೈಕ್ರೋಗ್ರಾಂ. ಗಾಳಿ ಆ ಮಿತಿಯಲ್ಲೇ ಇದೆ ಅಂದ್ಕೊಳ್ಳಿ, ನಿಮಿಷಕ್ಕೆ 2 ಲೀಟರಿನಂಗೆ ಅರ್ಧ ಗಂಟೆ ಎಳೆದ್ರೆ 60 ಲೀಟರ್, ಫಿಲ್ಟರ್ ಮೇಲೆ ಬೀಳೋದು ಸುಮಾರು 3.6 ಮೈಕ್ರೋಗ್ರಾಂ. 25 ಮಿಲಿಮೀಟರ್ ಫಿಲ್ಟರಿಗೆ ಅಷ್ಟು ಸಾಕು. ಆಲೆಮನೆ ಹೊಗೆ ಹತ್ರ ಒಂದೆರಡು ನಿಮಿಷ, ಬೆಟ್ಟದ ಮೇಲೆ ಎರಡು ಮೂರು ಗಂಟೆ.

ಎಚ್ಚರಿಕೆ ಗುರುತು: ಫಿಲ್ಟರ್ ಕಪ್ಪಗಾಗಿದ್ರೆ ಸ್ಯಾಂಪಲ್ ಕೆಟ್ಟಿದೆ. ಹುಡುಗ್ರಿಗೆ ಕಪ್ಪಗಾದಷ್ಟೂ ಖುಷಿ, ಫೋಟೋಗೆ ಚೆನ್ನಾಗಿರತ್ತೆ, ಆದ್ರೆ ಕಣದ ಮೇಲೆ ಕಣ ಬಿದ್ದು, ಗಾಳೀಲಿ ಬೇರೆ ಬೇರೆ ಇದ್ದಿದ್ದು ಫಿಲ್ಟರ್ ಮೇಲೆ ಒಂದೇ ಗೊಂಚಲು ಆಗಿರತ್ತೆ, ಅಳೆದ್ರೆ ಸುಳ್ಳು ಗಾತ್ರ ಬರತ್ತೆ. ತೆಳು ಬೂದು ಬಣ್ಣ ಬಂದ ತಕ್ಷಣ ನಿಲ್ಲಿಸಿ. ಪ್ರತಿ ಜಾಗದಲ್ಲೂ ಕಾಲು, ಅರ್ಧ, ಒಂದು ಪಾಲು ಹೊತ್ತಿನ ಮೂರು ಫಿಲ್ಟರ್ ತೆಗೀರಿ, ಒಂದಾದ್ರೂ ಸರಿಯಾಗಿರತ್ತೆ.

ನೀವು ಎನ್95 ಮಾಸ್ಕ್ ಹಾಕ್ಕೊಂಡೇ ಇರ್ಬೇಕು. ಡೀಸೆಲ್ ಹೊಗೆ ಕ್ಯಾನ್ಸರ್ ತರತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಮೊದಲನೇ ಗುಂಪಿಗೆ ಸೇರಿಸಿದೆ. ಸೈಲೆನ್ಸರ್ ಬಾಯಿಗೆ ಹೋಲ್ಡರ್ ಹಿಡಿದು ನಿಲ್ಲೋ ಸಾಹಸ ಬೇಡವೇ ಬೇಡ.

## 7. ಬೆಳಕಿನ ಮೈಕ್ರೋಸ್ಕೋಪಲ್ಲಿ ಸೋಸೋದು

ಸೆಲ್ಯುಲೋಸ್ ಎಸ್ಟರ್ ಫಿಲ್ಟರಿಂದ ಒಂದು ತ್ರಿಕೋನ ಕತ್ತರಿಸಿ ಸ್ಲೈಡ್ ಮೇಲಿಟ್ಟು, ಕೆಳಗೆ ಹೇಳಿರೋ ಸೂಜಿ, ಮ್ಯಾಗ್ನೆಟ್ ಪರೀಕ್ಷೆ ಮೊದಲು ಮುಗಿಸಿ, ಆಮೇಲೆ ಆಯಿಲ್ ಹನಿ ಹಾಕಿ, ಕವರ್‌ಸ್ಲಿಪ್ ಮೆಲ್ಲಗೆ ಮುಚ್ಚಿ. ಐದು ನಿಮಿಷ ಬಿಡಿ.

ಮೊದಲ ಕೆಲಸ ಕಂಡೆನ್ಸರ್ (ಸ್ಲೈಡಿನ ಕೆಳಗೆ ಬೆಳಕು ಕೂಡಿಸೋ ಲೆನ್ಸ್) ಸರಿ ಮಾಡೋದು. ಅದರಲ್ಲಿ ಬೆಳಕು ಹೆಚ್ಚು ಕಮ್ಮಿ ಮಾಡೋ ಐರಿಸ್ ಪೂರ್ತಿ ಮುಚ್ಚಿಟ್ಟಿದ್ರೆ ಎಲ್ಲಾ ಕಣಕ್ಕೂ ದಪ್ಪ ಕಪ್ಪು ಅಂಚು ಬರತ್ತೆ, ಮರಳಿನ ಕಣಾನೂ ಮಸಿ ಥರ ಕಾಣತ್ತೆ. ಐರಿಸ್ ನಿಧಾನಕ್ಕೆ ತೆರೀತಾ ಹೋಗಿ, ಕೆಲವು ಕಪ್ಪು ಚುಕ್ಕೆಗಳು ಬೆಳ್ಳಗಾಗಿ ಮಾಯ ಆಗ್ತವೆ, ಅವೆಲ್ಲ ಖನಿಜ. ನಂಗೆ ಬರೋ ಫೋಟೋಗಳಲ್ಲಿ ಅತಿ ಹೆಚ್ಚು ಕಾಣೋ ತಪ್ಪು ಇದೇ.

ಎರಡನೇದು ಪೋಲರಾಯ್ಡ್. ಒಂದು ತುಂಡು ಲೈಟಿನ ಮೇಲೆ, ಇನ್ನೊಂದು ಐಪೀಸ್ ಮೇಲೆ, ತಿರುಗಿಸ್ತಾ ಬಂದು ಹಿನ್ನೆಲೆ ಕತ್ತಲಾದ ಕಡೆ ನಿಲ್ಲಿಸಿ. ಸ್ಫಟಿಕ ಕಲ್ಲು, ಸುಣ್ಣದ ಕಣ ಎಲ್ಲಾ ಥಳಥಳ ಹೊಳೀತವೆ, ಬಟ್ಟೆ ಎಳೆನೂ ಹೊಳೆಯತ್ತೆ, ಹಿಟ್ಟಿನ ಕಣದ ಮೇಲೆ ಕಪ್ಪು ಅಡ್ಡಗೆರೆ ಪ್ಲಸ್ ಗುರುತಿನ ಥರ ಕಾಣತ್ತೆ. ಮಸಿ ಹೊಳೆಯಲ್ಲ.

ಇಷ್ಟಾದ ಮೇಲೂ ಕಪ್ಪಗೇ ಉಳಿಯೋ ವೇಷಧಾರಿಗಳಿದಾವೆ, ಇವುಗಳ ಹತ್ರ ಸ್ವಲ್ಪ ಹೊತ್ತು ಕೂತ್ಕೊಳ್ಳಿ.

ಸುಟ್ಟ ತರಗಿನ ಚೂರು ಮಂಡ್ಯದ ಸ್ಯಾಂಪಲ್ಲಲ್ಲಿ ಎಲ್ಲಾ ಕಡೆ ಇರತ್ತೆ. ಒಣಗಾಕಿದ ಬಟ್ಟೆ ಮೇಲೆ ಬಂದು ಬೀಳೋ ಕರಿ ಬೂದಿ ಇದೇ. 40ಎಕ್ಸಲ್ಲಿ ಅದರ ಅಂಚು ತೆಳ್ಳಗಿರೋ ಕಡೆ ಫೋಕಸ್ ಮಾಡಿ ನೋಡಿ, ಉದ್ದುದ್ದ ಜೀವಕೋಶಗಳು ಇಟ್ಟಿಗೆ ಸಾಲಿನ ಹಾಗೆ ಜೋಡಿಸಿರೋದು ಕಾಣತ್ತೆ, ಗೋಡೆಗಳು ಅಲೆಅಲೆಯಾಗಿ ಒಂದಕ್ಕೊಂದು ಹಲ್ಲು ಕಚ್ಚಿರ್ತವೆ, ಮಧ್ಯೆ ಅಲ್ಲಲ್ಲಿ ಉಸಿರಾಡೋ ರಂಧ್ರ, ಅದರ ಪಕ್ಕದ ಸಾಲಲ್ಲಿ ಡಂಬೆಲ್ ಆಕಾರದ ಗಾಜಿನಂಥ ಸಣ್ಣ ತುಂಡುಗಳು ಒಂದರ ಹಿಂದೆ ಒಂದು. ಆ ಡಂಬೆಲ್ ಅಂದ್ರೆ ಕಬ್ಬು ಮಣ್ಣಿಂದ ಹೀರ್ಕೊಂಡು ಎಲೇಲಿ ಕೂಡಿಟ್ಟ ಸಿಲಿಕಾ, ಎಲೆ ಸುಟ್ಟು ಹೋದ್ರೂ ಅದು ಹಾಗೇ ಉಳಿಯತ್ತೆ. ಇದು ಕಂಡ್ರೆ ಅದು ಮಸಿ ಅಲ್ಲ, ಇದ್ದಿಲು. ಹೊಗೆಯಿಂದ ಹುಟ್ಟಿದ್ದಲ್ಲ, ಎಲೆ ಎಲೆಯಾಗೇ ಕರಕಲಾಗಿದ್ದು. ಆದ್ರೆ ಇದನ್ನ ಬಿಸಾಕ್ಬೇಡಿ, ನಿಮ್ಮ ಗಾಳೀಲಿ ಕಬ್ಬಿನ ಗದ್ದೆ ಹೊಗೆ ಇದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಸಾಕ್ಷಿ ಬೆಳಕಿನ ಮೈಕ್ರೋಸ್ಕೋಪಲ್ಲಿ ಸಿಗಲ್ಲ.

ಟೈರಿನ ಚೂರು ರೋಡ್ ಪಕ್ಕದ ಸ್ಯಾಂಪಲ್ಲಲ್ಲಿ. ಹತ್ತಾರು ಮೈಕ್ರಾನ್ ಉದ್ದ, ಎರಡೂ ತುದಿ ಮೊಂಡಾಗಿ ಹೊರಳಿಸಿದ ಬತ್ತಿ ಆಕಾರ, ಮೈಮೇಲೆಲ್ಲ ಮರಳಿನ ಪುಡಿ ಮೆತ್ಕೊಂಡಿರತ್ತೆ. ಕವರ್‌ಸ್ಲಿಪ್ ಹಾಕೋ ಮೊದಲು ಸೂಜಿಯಿಂದ ಒತ್ತಿದ್ರೆ ತಗ್ಗಿ ಮತ್ತೆ ಮೇಲೆ ಬರತ್ತೆ. ಇದ್ದಿಲಾದ್ರೆ ಪುಡಿ ಆಗತ್ತೆ, ಮಸಿಯಾದ್ರೆ ಬಳ್ಕೊಳತ್ತೆ.

ಬೂಷ್ಟಿನ ಬೀಜಕಣಗಳು ಕಡುಗಂದು, ಒಳಗೆ ಅಡ್ಡ ಗೋಡೆ ಇರತ್ತೆ, ಒಂದೇ ಅಳತೇವು ತುಂಬಾ ಸಿಕ್ತವೆ. ಬ್ರೇಕಿನ ಕಬ್ಬಿಣದ ಪುಡಿ ಮೇಲೆ ಪಕ್ಕದಿಂದ ಟಾರ್ಚ್ ಬಿಟ್ರೆ ಲೋಹದ ಥರ ಮಿನುಗತ್ತೆ ಅಥವಾ ತುಕ್ಕಿನ ಕೆಂಪು ಕಾಣತ್ತೆ, ಸ್ಲೈಡ್ ಕೆಳಗೆ ಮ್ಯಾಗ್ನೆಟ್ ಆಡಿಸಿದ್ರೆ ಬಿಡಿ ಕಣ ಅಲ್ಲಾಡತ್ತೆ, ಇದನ್ನೂ ಆಯಿಲ್ ಹಾಕೋ ಮೊದಲೇ ಮಾಡ್ಬೇಕು.

ಇವೆಲ್ಲ ಕಳೆದು ಉಳಿದ, ಅಂಚಿಲ್ಲದ, ಕವಲಿರೋ, ಯಾವ ಬೆಳಕಿಗೂ ಹೊಳೆಯದ ಗುಪ್ಪೆ ದೀಪದ ಫೋಟೋಗೆ ಹೊಂದಿದ್ರೆ ಅದನ್ನ "ಮಸಿ ಇರಬಹುದು" ಅಂತ ಬರೀರಿ. ಇಲ್ಲೇ "ಮಸಿ" ಅಂತ ಖಾಯಂ ಮಾಡ್ಬೇಡಿ.

## 8. ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಸ್ಯಾಂಪಲ್ ರೆಡಿ ಮಾಡೋದು

ಎರಡು ಥರದ ಮೆಷಿನ್ ಇದೆ. ಎಸ್‌ಇಎಂ ಮೇಲ್ಮೈ ತೋರಿಸತ್ತೆ, ಟಿಇಎಂ ಕಣದ ಒಳಗೆ ಹಾಯ್ದು ತೋರಿಸತ್ತೆ. ಮೈಸೂರಲ್ಲಿ ಮಾನಸಗಂಗೋತ್ರಿಯ ವಿಜ್ಞಾನ ಭವನದಲ್ಲಿ ಎಸ್‌ಇಎಂ ಇದೆ. ಟಿಇಎಂಗೆ ಬೆಂಗಳೂರಿನ ಐಐಎಸ್‌ಸಿಯ ಮೈಕ್ರೋಸ್ಕೋಪಿ ಕೇಂದ್ರದಂಥ ಕಡೆ ಹೋಗ್ಬೇಕು. ಕೇಂದ್ರ ಸರ್ಕಾರದ ಐ-ಸ್ಟೆಮ್ ಪೋರ್ಟಲ್ಲಲ್ಲಿ ಯಾವ ಮೆಷಿನ್ ಎಲ್ಲಿದೆ ಅಂತ ಹುಡುಕಿ ಅಲ್ಲಿಂದಲೇ ಸ್ಲಾಟ್ ಕೇಳಬಹುದು. ಗೈಡ್ ಮೇಡಂ ಅಥವಾ ಸರ್ ಕೈಲಿ ಪತ್ರ ಮಾಡಿಸ್ಕೊಂಡು ಹೋಗಿ.

ಎಸ್‌ಇಎಂಗೆ ಪಾಲಿಕಾರ್ಬೋನೇಟ್ ಫಿಲ್ಟರಿನ ಸಣ್ಣ ತುಂಡು ಕಾರ್ಬನ್ ಟೇಪಲ್ಲಿ ಸ್ಟಬ್ಬಿಗೆ ಅಂಟಿಸಿ. ಚಿನ್ನದ ಲೇಪ ಹಾಕ್ತಾರೆ, ದಪ್ಪ ಎಷ್ಟು ಅಂತ ಕೇಳಿ ತಿಳ್ಕೊಳ್ಳಿ. 10 ನ್ಯಾನೋಮೀಟರ್ ಲೇಪ ಬಿದ್ರೆ 30ರ ಗುಂಡು 50 ಆಗಿ ಕಾಣತ್ತೆ, ನೀವು ಅಳೆಯೋದು ಚಿನ್ನಾನ. ಅದೂ ಅಲ್ದೆ ಕಣದಲ್ಲಿ ಯಾವ ಮೂಲವಸ್ತು ಇದೆ ಅಂತ ಅದರ ಎಕ್ಸ್-ರೇ ಗೆರೆಯಿಂದ ಗುರುತಿಸೋವಾಗ ಚಿನ್ನದ ಗೆರೆ ಗಂಧಕದ ಗೆರೆಗೆ ತೀರಾ ಹತ್ರ ಬರತ್ತೆ, ಗಂಧಕ ಹುಡುಕ್ತಿದ್ರೆ ಕಾರ್ಬನ್ ಲೇಪ ಹಾಕಿ ಅಂತ ಕೇಳಿ. ವೋಲ್ಟೇಜ್ 5 ಕಿಲೋವೋಲ್ಟ್ ಸುತ್ತ ಇಟ್ರೆ ಮೇಲ್ಮೈ ವಿವರ ಚೆನ್ನಾಗಿ ಬರತ್ತೆ. ಮಾಮೂಲಿ ಎಸ್‌ಇಎಂನಲ್ಲಿ ಗೊಂಚಲು ಕಾಣತ್ತೆ, ಒಂದೊಂದು ಗುಂಡು ಬಿಡಿಬಿಡಿಯಾಗಿ ಬೇಕು ಅಂದ್ರೆ ಫೀಲ್ಡ್ ಎಮಿಷನ್ ಇರೋ ಮೆಷಿನ್ ಕೇಳಿ.

ಟಿಇಎಂಗೆ 3 ಮಿಲಿಮೀಟರ್ ಅಗಲದ ತಾಮ್ರದ ಗ್ರಿಡ್ (ಸಣ್ಣ ಜಾಲರಿ ಬಿಲ್ಲೆ) ಬೇಕು. ಅದರ ಮೇಲೆ ಯಾವ ಪೊರೆ ಇದೆ ಅನ್ನೋದೇ ಇಲ್ಲಿ ವಿಷಯ. ಮಾಮೂಲಿ ಕಾರ್ಬನ್ ಪೊರೆ ತಗೊಂಡ್ರೆ ಕಾರ್ಬನ್ ಮೇಲೆ ಕಾರ್ಬನ್ ನೋಡೋ ಪರಿಸ್ಥಿತಿ, ಒಳ ಪದರ ಮಸುಕಾಗತ್ತೆ. ಲೇಸಿ ಕಾರ್ಬನ್ ಗ್ರಿಡ್ ಕೇಳಿ, ಅದರಲ್ಲಿ ಬಲೆ ಥರ ತೂತು ಇರತ್ತೆ, ತೂತಿನ ಅಂಚಿಂದ ಹೊರಗೆ ಚಾಚ್ಕೊಂಡಿರೋ ಮಸಿ ಸರಪಳಿ ಸಿಕ್ಕಿದ್ರೆ ಹಿಂದೆ ಏನೂ ಇಲ್ದೆ ಸ್ಪಷ್ಟ ಕಾಣತ್ತೆ.

ಗ್ರಿಡ್ ಮೇಲೆ ಮಸಿ ಕೂರಿಸೋದು: ಫಿಲ್ಟರ್ ಮಧ್ಯೆ ಗ್ರಿಡ್ ಇಟ್ಟು ಅಂಚಿಗೆ ಕೂದಲಗಲದ ಕಾರ್ಬನ್ ಟೇಪ್ ಅಂಟಿಸಿ, ಹಾಗೇ ಹೋಲ್ಡರಿಗೆ ಹಾಕಿ ಗಾಳಿ ಎಳೀರಿ. ಒಂದು ಗ್ರಿಡ್ ಐದು ನಿಮಿಷ, ಇನ್ನೊಂದು ಹದಿನೈದು. ಫಿಲ್ಟರ್ ತುಂಡನ್ನ ಆಲ್ಕೋಹಾಲಲ್ಲಿ ಹಾಕಿ ಅಲ್ಟ್ರಾಸೋನಿಕ್ ಬಾತಲ್ಲಿ ಅಲ್ಲಾಡಿಸಿ ಹನಿ ಬಿಡೋ ವಿಧಾನ ಎಲ್ಲಾ ಕಡೆ ನಡೆಯತ್ತೆ, ಬೇರೆ ನ್ಯಾನೋ ಪುಡಿಗಳಿಗೆ ಅದು ಸರಿ, ಗಾಳಿಯ ಮಸಿಗೆ ಬೇಡ. ಆಲ್ಕೋಹಾಲು ಮಸಿ ಮೇಲಿನ ಎಣ್ಣೆ ಜಿಡ್ಡಿನ ಲೇಪ ತೊಳೆದು ಬಿಡತ್ತೆ, ಗೊಂಚಲು ಒಡೆಯತ್ತೆ, ಹನಿ ಒಣಗೋವಾಗ ಬೇರೆ ಬೇರೆ ಇದ್ದಿದ್ದು ಒಟ್ಟಾಗತ್ತೆ. ಆಮೇಲೆ ಕಂಡ ಆಕಾರ ಗಾಳೀಲಿದ್ದ ಆಕಾರ ಅಲ್ಲ.

ದೀಪದ ಮಸಿದೂ ಒಂದು ಗ್ರಿಡ್ ಮಾಡಿ. ಫೋರ್ಸೆಪ್ಸಲ್ಲಿ ಹಿಡಿದು ಹೊಗೇಲಿ ಒಂದು ಸಲ ಆಡಿಸಿ, ಉರಿಗೆ ತಾಗಿಸ್ಬೇಡಿ. ಗ್ರಿಡ್ ಯಾವತ್ತೂ ಅಂಚಲ್ಲೇ ಹಿಡೀಬೇಕು, ಬಗ್ಗಿದ್ರೆ ಪೊರೆ ಹೋಯ್ತು ಅಂತಾನೇ ಲೆಕ್ಕ.

## 9. ಮೆಷಿನ್ ಮುಂದೆ ಕೂತಾಗ

ಸ್ಲಾಟ್ ಒಂದೆರಡು ಗಂಟೆ ಸಿಗತ್ತೆ, ಅದರಲ್ಲಿ ಮೊದಲ ಒಳ್ಳೇ ಗೊಂಚಲು ಕಂಡ ತಕ್ಷಣ ಅದನ್ನೇ ಜೂಮ್ ಮಾಡ್ತಾ ಕೂತು ಹೊತ್ತು ಕಳೀತಾರೆ. ಹಾಗೆ ಮಾಡದೆ ಮೊದಲು ಕಡಿಮೆ ಮ್ಯಾಗ್ನಿಫಿಕೇಷನ್ನಲ್ಲಿ ಇಡೀ ಗ್ರಿಡ್ ಓಡಾಡಿ, ಕಡಿಮೆ ಬೀಮಲ್ಲಿ. ಅಮೋನಿಯಂ ಸಲ್ಫೇಟಿನಂಥ ಲೇಪ ಇದ್ರೆ ಎಲೆಕ್ಟ್ರಾನ್ ಬೀಮಿಗೆ ಗುಳ್ಳೆ ಎದ್ದು ಕಣ್ಮುಂದೆನೇ ಆವಿ ಆಗತ್ತೆ, ಆಮೇಲೆ ಲೇಪ ಇತ್ತು ಅಂತ ತೋರಿಸೋಕೆ ಆಗಲ್ಲ. ಆಮೇಲೆ 20,000ದಿಂದ 50,000 ಪಟ್ಟಲ್ಲಿ ಗೊಂಚಲುಗಳ ಫೋಟೋ, ಚೆಂದ ಇರೋದನ್ನೇ ಆರಿಸದೆ ಒಂದು ಚೌಕದಲ್ಲಿ ಕಂಡಿದ್ದೆಲ್ಲಾ. ಕೊನೆಗೆ ಮಾತ್ರ ಲಕ್ಷಗಟ್ಟಲೆ ಪಟ್ಟಿಗೆ ಹೋಗಿ.

ಅಲ್ಲಿ ಕಾಣೋದು ನೋಡೋಕೆ ಎರಡು ಕಣ್ಣು ಸಾಲಲ್ಲ. 30 ನ್ಯಾನೋಮೀಟರಿನ ಒಂದು ಗುಂಡಿನೊಳಗೆ ಈರುಳ್ಳಿ ಸಿಪ್ಪೆ ಥರ ಪದರ ಪದರ ಗೆರೆಗಳು, ಹೊರಗಡೆ ಗುಂಡಗೆ ಒಂದರ ಪಕ್ಕ ಒಂದು, ಮಧ್ಯಕ್ಕೆ ಹೋಗ್ತಾ ಗೆರೆಗಳು ತುಂಡಾಗಿ ಸಿಕ್ಕು ಸಿಕ್ಕಾಗ್ತವೆ. ಎರಡು ಗೆರೆ ಮಧ್ಯದ ದೂರ ಸುಮಾರು 0.34ರಿಂದ 0.36 ನ್ಯಾನೋಮೀಟರ್, ಗ್ರಾಫೈಟಲ್ಲಿ 0.335. ಎರಡು ಗುಂಡು ಅಂಟಿರೋ ಕಡೆ ನೋಡಿದ್ರೆ ಹೊರಗಿನ ಕೆಲವು ಗೆರೆಗಳು ಎರಡನ್ನೂ ಸುತ್ತಿ ಹೋಗಿರ್ತವೆ, ಅಂದ್ರೆ ಅಂಟಿದ ಮೇಲೂ ಉರೀಲಿ ಬೆಳೀತಾ ಇದ್ವು ಅಂತ ಅರ್ಥ. ಈ ಗೆರೆ ಕಂಡ ಮೇಲೆ ಮಾತ್ರ "ಇದು ಮಸಿ" ಅಂತ ಧೈರ್ಯವಾಗಿ ಬರೀಬಹುದು. 200 ಕಿಲೋವೋಲ್ಟಲ್ಲಿ ಒಂದೇ ಕಡೆ ತುಂಬಾ ಹೊತ್ತು ನಿಂತ್ರೆ ಬೀಮೇ ಪದರಗಳನ್ನ ಕೆಡಿಸತ್ತೆ, ಸಾಧ್ಯ ಇದ್ರೆ 80 ಅಥವಾ 120 ಕೇಳಿ.

ತರಗು ಸುಟ್ಟ ಹೊಗೇಲಿ ಇನ್ನೊಂದು ಮೋಸ ಇದೆ. ಒಂಟಿ ಒಂಟಿ ದುಂಡು ಕಣ, ನೂರಾರು ನ್ಯಾನೋಮೀಟರ್, ಒಳಗೆ ಯಾವ ಪದರದ ಗೆರೆನೂ ಇಲ್ಲ. ಇದು ಟಾರ್ ಉಂಡೆ, ಸೌದೆ-ಸೊಪ್ಪು ಹೊಗೆಯ ಜಿಡ್ಡು ಗಟ್ಟಿಯಾಗಿದ್ದು. ಕಾರ್ಬನ್ ಇದೆ ಅಂತ ಮಸಿ ಲೆಕ್ಕಕ್ಕೆ ಸೇರಿಸ್ಬೇಡಿ.

ಇಡಿಎಸ್, ಅಂದ್ರೆ ಎಕ್ಸ್-ರೇ ಗೆರೆಯಿಂದ ಮೂಲವಸ್ತು ಗುರುತಿಸೋ ವಿಧಾನ, ಅದರ ವಿಷಯ ಒಂದು ಮಾತು. "ಕಾರ್ಬನ್ ಶೇಕಡಾ 80 ಬಂತು, ಹಾಗಾಗಿ ಮಸಿ" ಅಂತ ಬರೆದ ರಿಪೋರ್ಟ್ ಬೇಕಾದಷ್ಟು ಓದಿದೀನಿ. ಪಾಲಿಕಾರ್ಬೋನೇಟ್ ಫಿಲ್ಟರೇ ಕಾರ್ಬನ್ನು, ಟೇಪು ಕಾರ್ಬನ್ನು, ಗ್ರಿಡ್ ಪೊರೆ ಕಾರ್ಬನ್ನು. ಖಾಲಿ ಜಾಗದ ಮೇಲೂ ಒಂದು ಸ್ಪೆಕ್ಟ್ರಮ್ ತೆಗೆದು ಪಕ್ಕ ಇಡಿ. ತಾಮ್ರದ ಗೆರೆ ಗ್ರಿಡ್ಡಿಂದ, ಅದನ್ನ "ತಾಮ್ರದ ಮಾಲಿನ್ಯ" ಅನ್ಬೇಡಿ. ಉಪಯೋಗಕ್ಕೆ ಬರೋದು ಪೊಟ್ಯಾಸಿಯಂ, ಅದು ಕಣದ ಜೊತೆ ಚೆನ್ನಾಗಿ ಕಂಡ್ರೆ ಕಬ್ಬು-ಸೌದೆ ಹೊಗೆ ಕಡೆಗೆ ಕೈ ತೋರಿಸತ್ತೆ.

## 10. ಅಳೆಯೋದು

ಇಮೇಜ್‌ಜೆ ಸಾಫ್ಟ್‌ವೇರ್ ಫ್ರೀಯಾಗಿ ಸಿಗತ್ತೆ. ಫೋಟೋ ತೆರೆದ ಕೂಡಲೇ ಅದರಲ್ಲಿರೋ ಸ್ಕೇಲ್ ಬಾರ್ ಮೇಲೆ ಗೆರೆ ಎಳೆದು ಸ್ಕೇಲ್ ಸೆಟ್ ಮಾಡಿ. ವಾಟ್ಸಾಪಲ್ಲಿ ಬಂದ ಫೋಟೋ ಅಳೀಬೇಡಿ, ಅದು ಕುಗ್ಗಿ ವಿವರ ಹೋಗಿರತ್ತೆ, ಮೂಲ ಟಿಫ್ ಫೈಲ್ ಕೇಳಿ ತನ್ನಿ.

ಗುಂಡಿನ ಅಡ್ಡಳತೇನ ಗೊಂಚಲಿನ ಅಂಚಲ್ಲಿ, ಸುತ್ತ ಸ್ಪಷ್ಟ ಇರೋ ಕಡೆ ಅಳೀರಿ, ನೂರಕ್ಕೆ ಕಮ್ಮಿ ಬೇಡ. ಒಂದು ಗೊಂಚಲಲ್ಲಿ ಎಷ್ಟು ಗುಂಡು ಇದೆ ಅಂತ ಎಣಿಸೋಕೆ ಹೋಗ್ಬೇಡಿ, ಹಿಂದೆ ಮುಂದೆ ಮುಚ್ಕೊಂಡಿರತ್ತೆ. ಗೊಂಚಲಿನ ನೆರಳಿನ ವಿಸ್ತೀರ್ಣವನ್ನ ಒಂದು ಗುಂಡಿನ ವಿಸ್ತೀರ್ಣದಿಂದ ಭಾಗಿಸಿ, ಬಂದಿದ್ದನ್ನ 1.09ನೇ ಘಾತಕ್ಕೆ ಏರಿಸಿ, 1.15ರಿಂದ ಗುಣಿಸಿ. ಉದಾಹರಣೆಗೆ ಗೊಂಚಲು 40,000 ಚದರ ನ್ಯಾನೋಮೀಟರ್, ಗುಂಡು 30 ನ್ಯಾನೋಮೀಟರ್ ಅಂದ್ರೆ ವಿಸ್ತೀರ್ಣ 707, ಅನುಪಾತ 56.6, ಕೊನೆಗೆ ಸುಮಾರು 94 ಗುಂಡು.

ಹೀಗೆ ತುಂಬಾ ಗೊಂಚಲುಗಳಿಗೆ ಗುಂಡಿನ ಸಂಖ್ಯೆ ಲಂಬ ಅಕ್ಷದಲ್ಲಿ, ಗೊಂಚಲಿನ ಉದ್ದವನ್ನ ಗುಂಡಿನ ಅಡ್ಡಳತೆಯಿಂದ ಭಾಗಿಸಿದ್ದು ಅಡ್ಡ ಅಕ್ಷದಲ್ಲಿ, ಎರಡಕ್ಕೂ ಲಾಗ್ ತೆಗೆದು ಗ್ರಾಫ್ ಹಾಕಿ. ಗೆರೆಯ ಇಳಿಜಾರೇ (ಸ್ಲೋಪ್) ಫ್ರ್ಯಾಕ್ಟಲ್ ಡೈಮೆನ್ಷನ್, ಅಂದ್ರೆ ಗೊಂಚಲು ಎಷ್ಟು ಒತ್ತಾಗಿ ಕೂತಿದೆ ಅನ್ನೋ ಅಳತೆ. ಎಂಜಿನ್ನಿಂದ ಆಗಷ್ಟೇ ಬಂದ ಮಸಿಗೆ ಇದು 1.7ರಿಂದ 1.9ರ ಒಳಗೆ ಬರತ್ತೆ, ಹಳೇದಾಗಿ ಲೇಪ ಕೂತು ಕುಗ್ಗಿದ್ರೆ 2ರ ಮೇಲೆ ಹೋಗತ್ತೆ. ಸಿಗ್ನಲ್ ಹತ್ರದ್ದು ಮತ್ತು ಬೆಟ್ಟದ ಮೇಲಿಂದು ಹೋಲಿಸೋಕೆ ಇದಕ್ಕಿಂತ ಒಳ್ಳೇ ಸಂಖ್ಯೆ ಇಲ್ಲ. ರೋಡ್ ಪಕ್ಕದ ಮಸಿಗೇ 2.5 ಬಂದ್ರೆ ಖುಷಿ ಪಡೋ ಮೊದಲು ಫಿಲ್ಟರ್ ಜಾಸ್ತಿ ತುಂಬಿತ್ತಾ ಅಂತ ನೋಡಿ. ಹತ್ತೇ ಗೊಂಚಲಲ್ಲಿ ಗೆರೆ ಎಳೆದು ಉತ್ತರ ಹೇಳೋದು ಸರಿ ಅಲ್ಲ, ನೂರರ ಹತ್ರ ಬೇಕು.

## 11. ಬರೆಯೋದು ಮತ್ತು ಎತ್ತಿಡೋದು

ಆಕಾರ ನೋಡಿ ಮಾತ್ರ "ಇದು ಬಸ್ಸಿನ ಮಸಿ, ಇದು ಟ್ರ್ಯಾಕ್ಟರಿಂದು" ಅಂತ ಬರೆಯೋಕೆ ಬರಲ್ಲ, ಎಲ್ಲಾ ಡೀಸೆಲ್ ಮಸಿನೂ ಹೆಚ್ಚು ಕಮ್ಮಿ ಒಂದೇ ಥರ. 2020ರ ಏಪ್ರಿಲ್ ಒಂದರಿಂದ ಬಿಎಸ್-6 (ವಾಹನದ ಹೊಗೆ ಮಿತಿಯ ನಿಯಮ) ಬಂದ ಮೇಲಿನ ಹೊಸ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯೋ ಫಿಲ್ಟರ್ ಇದೆ, ಹಾಗಾಗಿ ಅವತ್ತು ಆ ರೋಡಲ್ಲಿ ಯಾವ ಯಾವ ಗಾಡಿ ಓಡಾಡ್ತು ಅಂತ ಎಣಿಸಿ ಬರೆದ ಪಟ್ಟಿ ನಿಮ್ಮ ರಿಪೋರ್ಟಲ್ಲಿ ಇರ್ಲೇಬೇಕು. ಜೊತೆಗೆ ಜಾಗ, ತಾರೀಖು, ಹೊತ್ತು, ಹರಿವು, ಎಷ್ಟು ನಿಮಿಷ, ಮಂಜಿತ್ತಾ ಬಿಸಿಲಿತ್ತಾ, ಖಾಲಿ ಫಿಲ್ಟರಲ್ಲಿ ಏನು ಕಂಡ್ತು. ಎಷ್ಟು ಗೊಂಚಲು ನೋಡಿದ್ರಿ, ಅದರಲ್ಲಿ ಎಷ್ಟಕ್ಕೆ ಪದರದ ಗೆರೆ ಕಂಡ್ತು ಅನ್ನೋದನ್ನ ಬೇರೆ ಬೇರೆ ಬರೀರಿ.

ಉಳಿದ ಫಿಲ್ಟರನ್ನ ಪೆಟ್ರಿ ಡಿಶ್ಶಲ್ಲಿ, ಕಣ ಇರೋ ಕಡೆ ಮೇಲೆ ಮಾಡಿ, ಮುಚ್ಚಳಕ್ಕೆ ಟೇಪ್ ಸುತ್ತಿ ಫ್ರಿಜ್ಜಿನ ಕೆಳಗಿನ ಖಾನೇಲಿ ಇಡಿ. ತೆಗೆದ ತಕ್ಷಣ ಮುಚ್ಚಳ ಬಿಚ್ಚಬೇಡಿ, ರೂಮಿನ ಬಿಸಿಗೆ ಬರೋವರೆಗೂ ಕಾಯಿರಿ, ಇಲ್ಲಾಂದ್ರೆ ಒಳಗೆ ಬೆವರಿ ಮಸಿ ಸರಪಳಿ ಕುಗ್ಗತ್ತೆ. ಗ್ರಿಡ್ಡುಗಳು ಗ್ರಿಡ್ ಬಾಕ್ಸಲ್ಲಿ, ಯಾವ ಖಾನೇಲಿ ಯಾವುದು ಅಂತ ಅವತ್ತೇ ಬರೆದಿಡಿ.